ಕೊನೆಯವರ ಕೈಯ ಗಂಟೆ

ಆ ಬಾವಿಯ ಹತ್ತಿರ ಬಂದಾಗ ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

ಮನೆಗೆ ಮರಳುವುದು ಅಂದು ಬಹಳ ತಡವಾಗಿತ್ತು. ಕೆರೆಯ ದಂಡೆಯ ಬಾರುಗಳಲ್ಲಿ ಹಾಡು ಇನ್ನೂ ನಿಂತಿರಲಿಲ್ಲ. ಆದರೆ ಆ ಹಳೆಯ ಓಣಿಗಳ ಸ್ವಭಾವವೇ ಬೇರೆ... ದಂಡೆಯಿಂದ ಒಂದೆರಡು ತಿರುವು ಒಳಗೆ ಬಂದರೆ ಸಾಕು, ಯಾರೋ ಹಿಂದಿನಿಂದ ಕದ ಮುಚ್ಚಿದಂತೆ ಸದ್ದೆಲ್ಲ ಕಡಿದುಹೋಗುತ್ತದೆ. ಉಳಿಯುವುದು ನಮ್ಮದೇ ಚಪ್ಪಲಿಯ ಸಪ್ಪಳ. ಗೋಡೆಯ ಕೊಳವೆಯಿಂದ ಕಲ್ಲಿನ ಮೇಲೆ ಬೀಳುವ ಹನಿ. ತೊಟ್... ತೊಟ್... ನಾನು ಏನೋ ಹರಟುತ್ತ ಬರುತ್ತಿದ್ದೆ.

“ಇಲ್ಲಿ ಮಾತಾಡಬೇಡ,” ಎಂದಳು ಅಕ್ಕ, ತುಟಿ ಅಲುಗಿಸದೆ.

“ಯಾಕೆ?”

“ಮಾತಾಡಿದ್ರೆ ಹಿಂದಿನದು ಕೇಳಿಸಲ್ಲ.”

“ಹಿಂದೆ ಯಾರಿದ್ದಾರೆ?”

ಅವಳು ನನ್ನನ್ನು ಎಳೆದುಕೊಂಡು ಹೆಜ್ಜೆ ಬಿರುಸು ಮಾಡಿದಳು. ಮನೆ ಸೇರಿ, ಬಾಗಿಲಿಗೆ ಚಿಲಕ ಹಾಕಿ, ಚಿಲಕ ಬಿದ್ದಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿ, ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕುಳಿತ ಮೇಲೆ ಹೇಳಿದಳು. ಅವಳು ಹೇಳಿದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ. ಅಲಂಕಾರಕ್ಕೆಂದು ನನ್ನದೊಂದು ಮಾತನ್ನೂ ಸೇರಿಸುವುದಿಲ್ಲ. ಸೇರಿಸುವ ಅಗತ್ಯವೂ ಇಲ್ಲ. ದೀಪ ಹಾಗೆಯೇ ಇರಲಿ, ಆರಿಸಬೇಡಿ.

ಅಕ್ಕ ನನ್ನ ದೊಡ್ಡಮ್ಮನ ಮಗಳು. ಕೆರೆಯ ದಂಡೆಯ ಆ ಹಳೆಯ ಬಡಾವಣೆಯನ್ನು ರಾತ್ರಿ ಹೊತ್ತು ಕಾಲ್ನಡಿಗೆಯಲ್ಲಿ ಸುತ್ತಿಸಿ ತೋರಿಸುವುದು ಅವಳ ಕೆಲಸ. ಹೊರಗಿನಿಂದ ಬಂದವರು ಅಲ್ಲಿಗೆ ಬರುವುದು ಕುಡಿಯಲಿಕ್ಕೆ, ಕುಣಿಯಲಿಕ್ಕೆ, ದೀಪ ಹಚ್ಚಿದ ದೋಣಿಗಳಲ್ಲಿ ಕುಳಿತು ಫೋಟೋ ತೆಗೆಸಿಕೊಳ್ಳಲಿಕ್ಕೆ. ಅವರಲ್ಲಿ ಕೆಲವರಿಗೆ ಮಾತ್ರ, ಈ ಬೆಳಕಿನ ಬೆನ್ನಿಗೆ ಏನಿದೆ ಎಂದು ನೋಡುವ ಆಸೆ ಹುಟ್ಟುತ್ತದೆ. ಅಂಥವರನ್ನು ಚೌಕದಲ್ಲಿ ಒಟ್ಟುಗೂಡಿಸಿ ಅಕ್ಕ ಒಳಕ್ಕೆ ಕರೆದುಕೊಂಡು ಹೋಗುತ್ತಾಳೆ. ಮುಚ್ಚಿಹೋದ ಬಣ್ಣದ ಕಾರ್ಖಾನೆ, ಅದರ ಗೋಡೆಯ ಬುಡದಲ್ಲಿ ಇಂದಿಗೂ ಅಳಿಯದ ನೀಲಿ. ಅರ್ಧ ಕಟ್ಟಿ ಬಿಟ್ಟ ದೋಣಿಯೊಂದು ಪಕ್ಕೆಲುಬು ತೋರಿಸುತ್ತ ಮಲಗಿರುವ ಬಡಗಿಯ ಕೊಟ್ಟಿಗೆ. ಎದುರುಮನೆಯವರು ಕಿಟಕಿಯಿಂದ ಕಿಟಕಿಗೆ ಲೋಟ ದಾಟಿಸುವಷ್ಟು ಇಕ್ಕಟ್ಟಾದ ಓಣಿಗಳು.

ಈ ವೃತ್ತಿಯನ್ನು ಅವಳಿಗೆ ಕಲಿಸಿದವರು ನಮ್ಮ ಸೋದರಮಾವ. ಮಾವನಿಗೆ ಆಗಲೇ ಕಣ್ಣು ಮಂಜಾಗಿತ್ತು. ಹಾಗಾಗಿ ಅವರ ಪಾಠವೆಲ್ಲ ಕಿವಿಯ ಪಾಠ. “ಕತ್ತಲಲ್ಲಿ ಹಿಂದೆ ತಿರುಗಿ ತಿರುಗಿ ತಲೆ ಎಣಿಸ್ತಾ ಹೋದ್ರೆ ನೀನೇ ಮೊದಲು ಬೀಳ್ತೀಯ ಕಣಮ್ಮ. ಕೊನೇಲಿ ಬರೋರ ಕೈಗೆ ಗಂಟೆ ಕೊಡು. ಅದು ಕೇಳಿಸ್ತಾ ಇರೋವರೆಗೂ ಎಲ್ಲರೂ ಬರ್ತಾ ಇದ್ದಾರೆ ಅಂತ ಲೆಕ್ಕ,” ಎನ್ನುತ್ತಿದ್ದರಂತೆ. ನಿಂಬೆಹಣ್ಣಿನ ಗಾತ್ರದ ಹಿತ್ತಾಳೆಯ ಗಂಟೆ ಅದು, ಮೇಲೆ ಹಿಡಿಯಲು ಚಿಕ್ಕದೊಂದು ಬಳೆ. ನಡೆಯುವ ಲಯಕ್ಕೆ ತಾನೇ ಅಲುಗಿ ಸದ್ದು ಮಾಡುತ್ತದೆ. ಕಿಣ್... ಕಿಣ್... ಅದನ್ನು ಹಿಡಿದವರಿಗೆ ಆ ರಾತ್ರಿಯ ಮಟ್ಟಿಗೆ ‘ಬಾಲ’ ಎಂದು ಹೆಸರು. “ಇವತ್ತು ಬಾಲ ಯಾರು?” ಎಂದು ಅಕ್ಕ ಕೇಳುವುದು, ಎಲ್ಲರೂ ನಗುವುದು, ಯಾರಾದರೊಬ್ಬರು ಕೈಯೆತ್ತುವುದು... ನಡಿಗೆ ಹಾಗೆ ಆರಂಭವಾಗುತ್ತದೆ.

ಬಾಲದವರಿಗೆ ಅಕ್ಕ ಪ್ರತಿಸಲವೂ ಒಂದು ಮಾತು ಹೇಳುತ್ತಾಳೆ. ಯಾರಾದರೂ ಚಪ್ಪಲಿ ಸರಿಮಾಡಲೋ ಫೋಟೋ ತೆಗೆಯಲೋ ನಿಂತು ನಿಮ್ಮ ಹಿಂದೆ ಉಳಿದರೆ, ಗಂಟೆಯನ್ನು ಅವರ ಕೈಗೆ ದಾಟಿಸಿ. ಗಂಟೆ ಯಾವಾಗಲೂ ಎಲ್ಲರಿಗಿಂತ ಹಿಂದಿರುವವರ ಕೈಯಲ್ಲೇ ಇರಬೇಕು. ಯಾರೂ ಗಂಟೆಯ ಹಿಂದೆ ಉಳಿಯಬಾರದು.

ಇನ್ನೊಂದು ನಿಯಮವಿತ್ತು. ಅದು ನಡೆಸುವವರಿಗೆ ಮಾತ್ರ. ಬಾವಿಯ ಹತ್ತಿರ ಬಂದಾಗ ಟಾರ್ಚ್ ಹಿಡಿದು ಸಾಲಿನ ಕೊನೆಗೆ ಹೋಗಬೇಕು. ಬಾಲದವರ ಮುಖ ನೋಡಬೇಕು. ಗಂಟೆಯನ್ನು ತಾನೇ ವಾಪಸು ತೆಗೆದುಕೊಂಡು, ಅವರನ್ನು ತನ್ನ ಬೆನ್ನಿಗೇ ನಡೆಸಿಕೊಂಡು ಹೋಗಬೇಕು. ಏಕೆಂದರೆ ಬಾವಿಯಿಂದಾಚೆಗೆ ಇರುವುದು ಕೊರಕಲು ಓಣಿ. ಒಬ್ಬರ ಹಿಂದೆ ಒಬ್ಬರಲ್ಲದೆ ಇಬ್ಬರು ಜೊತೆಯಾಗಿ ನಡೆಯಲಾಗದು. ನಡುವೆ ಅದು ಕವಲೊಡೆಯುತ್ತದೆ. ನೇರವಾಗಿ ಹೋದರೆ ಕಲ್ಲಿನ ಕಮಾನು, ಕಮಾನಿನ ಆಚೆ ದೀಪಗಳ ಚೌಕ. ಎಡಕ್ಕೆ ಇಳಿದರೆ ಕೆರೆಯ ಮೆಟ್ಟಿಲು. ಅಲ್ಲಿ ಕಂಬಿಯಿಲ್ಲ, ದೀಪವಿಲ್ಲ. ಮೆಟ್ಟಿಲುಗಳು ನೀರಿನಂಚಿಗೆ ನಿಲ್ಲುವುದೂ ಇಲ್ಲ... ಪಾಚಿ ಹೊದ್ದು, ನೀರಿನೊಳಗೇ ಇಳಿಯುತ್ತ ಹೋಗುತ್ತವೆ.

“ಮುಖ ಯಾಕೆ ನೋಡಬೇಕು, ಮಾವ?” ಎಂದು ಅಕ್ಕ ಒಮ್ಮೆ ಕೇಳಿದ್ದಳಂತೆ.

“ನೋಡಿ ತಗೋ ಅಂದೆ. ಅಷ್ಟೇ.”

ಇನ್ನು ಅವಳ ತಮ್ಮ. ನಾವೆಲ್ಲ ಅವನನ್ನು ಕರೆಯುವುದು ಆಮೇಲಣ್ಣ ಎಂದು. ಅವನಷ್ಟು ಸಂಕೋಚದ ಮನುಷ್ಯನನ್ನು ನಾನು ಕಂಡಿಲ್ಲ. ಬಸ್ಸು ಬಂದರೆ “ನೀವು ಹತ್ತಿ, ನಾನು ಆಮೇಲೆ.” ಊಟಕ್ಕೆ ಕರೆದರೆ “ಎಲ್ಲರದೂ ಆಗಲಿ, ನಾನು ಆಮೇಲೆ.” ಬಾಗಿಲು ಕಂಡರೆ ತೆರೆದು ಹಿಡಿದು ಪಕ್ಕಕ್ಕೆ ನಿಲ್ಲುವವನು, ಎಲ್ಲರೂ ಒಳಗಾದ ಮೇಲೆ, ಹಿಂದೆ ಮುಂದೆ ನೋಡಿ, ಕಟ್ಟಕಡೆಗೆ ತಾನು. ತನ್ನ ಮದುವೆಯ ಫೋಟೋದಲ್ಲೂ ಇವನು ಹಿಂದಿನ ಸಾಲಿಗೆ ಹೋಗಿ ನಿಂತಿದ್ದ, ಎಳೆದು ತಂದಿದ್ದರು. ದಂಡೆಯ ಸಂಗೀತದ ಹಾಲ್‌ ಒಂದರಲ್ಲಿ ಅವನಿಗೆ ಸೌಂಡಿನ ಕೆಲಸ. ಮೈಕು ಜೋಡಿಸುವುದು, ಸ್ಪೀಕರಿನ ಕರಕರ ಎಲ್ಲಿಂದ ಬರುತ್ತಿದೆಯೆಂದು ಹುಡುಕುವುದು. ಆ ಕಿವಿಗೆ ತಪ್ಪು ಸ್ವರವೊಂದು ಬಿದ್ದರೆ ನಿದ್ದೆಯಲ್ಲೂ ಮುಖ ಸಿಂಡರಿಸುತ್ತಾನೆಂದು ಅವನ ಹೆಂಡತಿ ನಗುತ್ತಾಳೆ. ದೊಡ್ಡಮ್ಮ ತೀರಿಕೊಂಡಾಗ ಅವನು ತೀರಾ ಚಿಕ್ಕವನು. ಉಣಿಸಿ, ಮಲಗಿಸಿ, ಓದಿಸಿದವಳು ಅಕ್ಕ. ಎಲ್ಲವನ್ನೂ ಕಲಿಸಿದಳು, ಈಜೊಂದನ್ನು ಬಿಟ್ಟು. ನೀರೆಂದರೆ ಅವನಿಗೆ ಭಯ.

ಇದು ನಡೆದ ರಾತ್ರಿ ಸಂಗೀತದ ಹಾಲ್‌ನಲ್ಲಿ ಕರೆಂಟಿನ ರಿಪೇರಿ. ಕೆಲಸವಿರಲಿಲ್ಲ. “ಇಷ್ಟು ವರ್ಷ ಆಯ್ತು, ನಿನ್ನ ನಡಿಗೆ ಒಂದು ಸಲಾನೂ ನೋಡಿಲ್ಲ ಅಕ್ಕ, ಬರ್ತೀನಿ,” ಎಂದ. ಅವನ ಹೆಂಡತಿಗೆ ಆಗ ದಿನ ತುಂಬುತ್ತ ಬಂದಿತ್ತು. ಹೊಸ್ತಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಹೇಳಿದಳಂತೆ:

“ಅತ್ತಿಗೆ, ಇವರನ್ನ ಕರ್ಕೊಂಡು ಹೋದ ಹಾಗೇ ತಂದು ಒಪ್ಪಿಸಬೇಕು. ಯಾರಿಗಾದ್ರೂ ದಾರಿ ಬಿಡ್ತಾ ಅಲ್ಲೇ ನಿಂತುಬಿಡೋ ಜನ ಇವರು.”

“ಇವನನ್ನ ಬಿಟ್ಟು ಬಂದ್ರೆ ನಾನು ಮನೆಗೇ ಬರಲ್ಲ ಬಿಡೇ,” ಎಂದಳು ಅಕ್ಕ.

ಗುಂಪು ಚಿಕ್ಕದು. ಮಧ್ಯವಯಸ್ಸಿನ ಹಲ್ಲಿನ ಡಾಕ್ಟರು, ಅವರ ಹೆಂಡತಿ, ಒಂದಿಬ್ಬರು ಕಾಲೇಜು ಗೆಳತಿಯರು, ಮಾತಿಗೆ ಮುಂಚೆ ಕೈ ಕೈ ಹಿಡಿಯುವ ಹೊಸ ಜೋಡಿ, ಇನ್ನೂ ಕೆಲವರು. “ಬಾಲ ಯಾರು?” ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ಆಮೇಲಣ್ಣ ಆಗಲೇ ಎಲ್ಲರ ಹಿಂದೆ ಹೋಗಿ ನಿಂತಿದ್ದ.

“ಹುಟ್ಟಿದಾಗಿಂದ ಬಾಲವೇ ನೀನು,” ಎಂದು ಅಕ್ಕ ಗಂಟೆಯನ್ನು ಅವನ ಕೈಗಿಟ್ಟಳು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿ, “ಒಳ್ಳೇ ಸ್ವರ ಅಕ್ಕ, ಚೊಕ್ಕವಾಗಿದೆ,” ಎಂದ.

ನಡಿಗೆ ಚೆನ್ನಾಗಿಯೇ ಸಾಗಿತು. ಡಾಕ್ಟರು ಪ್ರತಿ ಗೋಡೆಯ ಕಲ್ಲನ್ನೂ ಬೆರಳಿಂದ ಅಲುಗಿಸಿ ನೋಡಿ “ಇದು ಸಡಿಲ ಆಗಿದೆ, ಇದು ಕೀಳಲೇಬೇಕು” ಎನ್ನುತ್ತಿದ್ದರು. “ರೀ, ಊರಿನ ದವಡೆ ನಿಮಗೆ ಯಾಕೆ, ಸುಮ್ಮನೆ ನಡೀರಿ,” ಎಂದು ಅವರ ಹೆಂಡತಿ. ನಗು. ಹಿಂದಿನಿಂದ ಗಂಟೆ. ಕಿಣ್... ಕಿಣ್... ನೀಲಿ ಗೋಡೆ ದಾಟಿತು. ಬಡಗಿಯ ಕೊಟ್ಟಿಗೆ ದಾಟಿತು. ಬಾರುಗಳ ಧಮ್ ಧಮ್ ಮೊದಲು ಮೆಲ್ಲಗಾಗಿ, ಬಳಿಕ ಎದೆಯಲ್ಲಷ್ಟೇ ಉಳಿದು, ಒಂದು ತಿರುವಿನಲ್ಲಿ ಕಡಿದೇಹೋಯಿತು.

ಬಾವಿ ಬಂತು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ ಹಳೆಯ ಬಾವಿ. ಗಾಳಿಯಿರದ ರಾತ್ರಿಯಲ್ಲೂ ಆ ಜಾಲರಿ ಆಗಾಗ ಕಿರ್ರ್ ಎನ್ನುತ್ತದೆ. ಬಿಸಿಲಿಗೆ ಹಿಗ್ಗಿದ್ದು ತಂಪಿಗೆ ಕುಗ್ಗುವ ಸದ್ದು ಎಂದು ಅಕ್ಕ ಎಲ್ಲರಿಗೂ ವಿವರಿಸುತ್ತಾಳೆ. ಅಂದೂ ವಿವರಿಸಿದಳು. ಬಳಿಕ, ನಿಯಮದಂತೆ, ಟಾರ್ಚ್ ಹಿಡಿದು ಸಾಲಿನ ಕೊನೆಗೆ ಹೊರಡಬೇಕು...

ಹೊರಡಲಿಲ್ಲ.

ಬೇರೆ ಯಾರೇ ಆಗಿದ್ದರೂ ಹೋಗುತ್ತಿದ್ದಳು. ಅದು ಅವಳ ಮಾತು. ಅಡುಗೆಮನೆಯ ನೆಲವನ್ನು ಉಗುರಿನಿಂದ ಕೆರೆಯುತ್ತ ಮತ್ತೆ ಮತ್ತೆ ಹೇಳಿದಳು. ಹಿಂದಿದ್ದವನು ಸ್ವಂತ ತಮ್ಮ. ಅವನ ಮುಖವನ್ನು ಟಾರ್ಚ್ ಹಾಕಿ ನೋಡುವುದೇನು ಬಂತು? ಅಲ್ಲಿಂದಲೇ ಕೂಗಿದಳು.

“ಲೋ, ಬರ್ತಿದ್ದೀಯಾ?”

ಉತ್ತರವಾಗಿ ಗಂಟೆ ಅಲುಗಿತು. ಕಿಣ್.

ಅಕ್ಕ ಕೊರಕಲು ಓಣಿಗೆ ಇಳಿದಳು. ಸಾಲು ಅವಳ ಹಿಂದೆ. ಅಲ್ಲಿ ಎಲ್ಲರೂ ತಾವಾಗಿಯೇ ಪಿಸುಮಾತಿಗೆ ಇಳಿಯುತ್ತಾರೆ. ಗೋಡೆಗಳು ಅಷ್ಟು ಹತ್ತಿರ. ಭುಜ ಕಲ್ಲಿಗೆ ಉಜ್ಜುವ ಸರಸರ. ಯಾರದೋ ಬೂಟಿನ ಕೀಚಲು. ಅವೆಲ್ಲದರ ಹಿಂದೆ ಗಂಟೆ, ಲಯ ತಪ್ಪದೆ. ಕಿಣ್... ಕಿಣ್... ಕವಲು ದಾಟಿತು. ಎಡಗಡೆಯಿಂದ ನೀರಿನ ವಾಸನೆ ಬಂತು, ಮೆಟ್ಟಿಲಿಗೆ ಅಲೆ ತಾಗುವ ಸದ್ದು. ಲಪ್... ಲಪ್... ಗಂಟೆ ಅದನ್ನೂ ದಾಟಿ ಬಂತು. ಕಿಣ್... ಕಿಣ್... ಅವಳು ಕಿವಿಯಾರೆ ಕೇಳಿದ್ದಾಳೆ. ಒಂದು ಕ್ಷಣವೂ ನಿಂತಿರಲಿಲ್ಲ.

ಕಮಾನಿನ ಕೆಳಗೆ ಅಕ್ಕ ಟಾರ್ಚ್ ಆರಿಸಿದಳು. ಅದು ಅವಳ ವೃತ್ತಿಯ ಒಂದು ಚಮತ್ಕಾರ. ಗವ್ವೆನ್ನುವ ಕತ್ತಲಿನಿಂದ ಹೆಜ್ಜೆ ಹೊರಗಿಟ್ಟ ಕೂಡಲೇ ಕೆರೆ, ದೋಣಿ, ಬಾರುಗಳ ಬೆಳಕೆಲ್ಲ ಒಟ್ಟಿಗೆ ಕಣ್ಣಿಗೆ ಬೀಳಬೇಕು. ಅವಳು ಗೋಡೆಗೆ ಅಂಟಿ ನಿಂತು ಎಲ್ಲರನ್ನೂ ಮುಂದೆ ಬಿಟ್ಟಳು. ಒಬ್ಬೊಬ್ಬರಾಗಿ ಅವಳ ತೋಳಿಗೆ ತಾಗುತ್ತ ದಾಟಿದರು. “ಅಬ್ಬಾ!” ಎಂದರು ಗೆಳತಿಯರು. “ಆಹಾ, ಇಲ್ಲಿ ಎಲ್ಲಾ ಗಟ್ಟಿಯಾಗಿದೆ,” ಎಂದರು ಡಾಕ್ಟರು. ಕೊನೆಗೆ ಉಳಿದದ್ದು ಗಂಟೆ. ಕಿಣ್... ಕಿಣ್... ಹತ್ತಿರ ಬಂತು. ಅವಳ ಮುಂದೆ ಬಂದು ನಿಂತಿತು.

“ಕೊಡೋ ಇಲ್ಲಿ,” ಎಂದು ಅಕ್ಕ ಕತ್ತಲಲ್ಲಿ ಕೈಚಾಚಿದಳು.

ಅಂಗೈಯ ಮೇಲೆ ಗಂಟೆ ಬಂದು ಕುಳಿತಿತು. ತಣ್ಣಗೆ. ಕೊಟ್ಟ ಬೆರಳುಗಳು ಒದ್ದೆಯಾಗಿದ್ದವು. ಬೆವರಿರಬೇಕು ಎಂದುಕೊಂಡಳು.

“ನಡಿ ಮುಂದೆ.”

“ನೀವು ಮೊದಲು,” ಎಂದಿತು ಪಿಸುದನಿ.

ಅಕ್ಕನಿಗೆ ನಗು ಬಂತು. ಇಲ್ಲಿ ಬಂದರೂ ಇವನ ಚಾಳಿ ಬಿಡಲಿಲ್ಲ ಎಂದು ಒಂದು ಹೆಜ್ಜೆ ಬೆಳಕಿಗೆ ಇಟ್ಟಳು. ಇಟ್ಟ ಮೇಲೆ... ತಮ್ಮ ತನ್ನನ್ನು ಎಂದಾದರೂ ಬಹುವಚನದಲ್ಲಿ ಮಾತಾಡಿಸಿದ್ದುಂಟೇ ಎಂದು ಹೊಳೆಯಿತು. ತಿರುಗಿದಳು.

ಕಮಾನಿನೊಳಗೆ ಯಾರೂ ಇರಲಿಲ್ಲ.

“ಲೋ?”

ಟಾರ್ಚ್ ಹಾಕಿದಳು. ಓಣಿ ಉದ್ದಕ್ಕೂ ಖಾಲಿ. ಚೌಕಕ್ಕೆ ಓಡಿ ಬಂದು ಪ್ರತಿಯೊಬ್ಬರ ಮುಖ ನೋಡಿದಳು. ಎಲ್ಲರೂ ಇದ್ದರು. ಅವನೊಬ್ಬ ಇರಲಿಲ್ಲ.

“ನಿಮ್ಮ ತಮ್ಮನಾ? ಬಾವಿ ಹತ್ತಿರ ನನ್ನ ಹಿಂದೇನೇ ಇದ್ದರು,” ಎಂದರು ಡಾಕ್ಟರ ಹೆಂಡತಿ. “ಯಾರ ಜೊತೆಗೋ ಮಾತಾಡ್ತಿದ್ದರು. ನಿಮ್ಮವರೇ ಇನ್ನೊಬ್ಬರು ಅಂದ್ಕೊಂಡೆ.”

ಅಕ್ಕ ಮತ್ತೆ ಓಣಿಗೆ ನುಗ್ಗಿದಳು. ಹೆಸರು ಹಿಡಿದು ಕೂಗಿದಳು. ಮನೆಯಲ್ಲಿ ಕರೆಯುವ ಹೆಸರನ್ನೂ ಕೂಗಿದಳು. ಗೋಡೆಗಳು ಆ ಕೂಗನ್ನು ನುಂಗಿದವು. ಕವಲಿಗೆ ಬಂದಾಗ ನಿಂತಳು. ಉಸಿರು ಹಿಡಿದಳು.

ಕಿಣ್...

ಎಡಗಡೆಯಿಂದ. ಕೆಳಗಿನಿಂದ. ನೀರಿನ ಕಡೆಯಿಂದ.

ಗಂಟೆ ಅವಳ ಕೈಯಲ್ಲಿತ್ತು.

ಇಲ್ಲಿಗೆ ಬಂದಾಗ ಅಕ್ಕ ಎದ್ದು ಹೋಗಿ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದಳು. ಬಳಿಕ ನೀರು ಕುಡಿದು ಮುಂದುವರಿಸಿದಳು.

ಮೆಟ್ಟಿಲ ತುದಿಯಿಂದ ಟಾರ್ಚ್ ಹಾಯಿಸಿದಾಗ ಮೊದಲು ಕಂಡದ್ದು ಅವನ ಬಿಳಿಯ ಅಂಗಿ. ಎದೆಯ ಮಟ್ಟದ ನೀರಿನಲ್ಲಿ ಆಮೇಲಣ್ಣ ನಡೆಯುತ್ತಿದ್ದ. ಮುಳುಗುತ್ತಿರಲಿಲ್ಲ, ಒದ್ದಾಡುತ್ತಿರಲಿಲ್ಲ... ಹಿಂದುಳಿದವನು ಸಾಲನ್ನು ಸೇರಿಕೊಳ್ಳಲು ಹೇಗೆ ಸರಸರ ನಡೆಯುತ್ತಾನೋ ಹಾಗೆ. ಒಂದು ಕೈ ಮುಂದಕ್ಕೆ ಚಾಚಿತ್ತು. ಇನ್ನೊಂದು ಮೆಟ್ಟಿಲು ಇಳಿದ. ನೀರು ಭುಜಕ್ಕೆ ಬಂತು.

“ಲೋ! ನಿಲ್ಲೋ! ಹಿಂದೆ ತಿರುಗೋ!”

ಅವನು ತಿರುಗಲಿಲ್ಲ. ಅವಳ ದನಿ ಅವನಿಗೆ ತಲುಪುತ್ತಲೇ ಇರಲಿಲ್ಲ. ಅವನ ಮುಂದೆ, ಕತ್ತಲ ನೀರಿನ ಮೇಲೆ, ಗಂಟೆ. ಕಿಣ್... ಕಿಣ್... ಅವನು ಅದರ ಹಿಂದೆ.

ಅವನು ಸದ್ದಿಗೆ ಓಗೊಡುವವನು. ಅಕ್ಕನಿಗೆ ಗೊತ್ತಿತ್ತು. ಕೈಯಲ್ಲಿದ್ದ ಗಂಟೆಯನ್ನು ಎತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಅಲುಗಿಸಿದಳು.

ಸದ್ದಾಗಲಿಲ್ಲ.

ಮತ್ತೆ ಅಲುಗಿಸಿದಳು. ಇಲ್ಲ. ತಲೆಕೆಳಗು ಮಾಡಿ ಟಾರ್ಚಿನ ಬೆಳಕು ಹಿಡಿದಳು. ಗಂಟೆಯೊಳಗೆ ನಾಲಿಗೆಯೇ ಇರಲಿಲ್ಲ. ನಾಲಿಗೆ ನೇತುಹಾಕುವ ಕೊಂಡಿ ಮಾತ್ರ, ತುಕ್ಕು ತಿಂದು, ಪಾಚಿ ಹಿಡಿದು...

ಯೋಚಿಸಲು ಹೊತ್ತಿರಲಿಲ್ಲ. ಅವಳು ಮಂಡಿಯೂರಿ ಆ ಮೂಕ ಗಂಟೆಯನ್ನು ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಿದಳು. ಠಣ್! ಒಡಕು ಸದ್ದು, ಕಿವಿ ಕೀಳುವಂಥದ್ದು. ಠಣ್! ಠಣ್!

ಆಮೇಲಣ್ಣ ನಿಂತ. ಹಾಡಿನ ನಡುವೆ ಸ್ಪೀಕರು ಕಿರುಚಿದಾಗ ಮಾಡುವಂತೆ ಮುಖ ಸಿಂಡರಿಸಿದ. ನಿಧಾನವಾಗಿ ಹಿಂದೆ ತಿರುಗಿದ. ಟಾರ್ಚಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ಕೇಳಿದ:

“ಅಕ್ಕಾ? ನೀನು ಮುಂದೆ ಹೋದೆಯಲ್ಲ?”

ಅವನು ನೀರನ್ನು ಆಗ ನೋಡಿದ. ಆಗ ಕಿರುಚಿದ.

ಸೊಂಟದ ಮಟ್ಟಕ್ಕೆ ಇಳಿದು, ಅಂಗಿಯ ಕಾಲರು ಹಿಡಿದು, ಅಕ್ಕ ಅವನನ್ನು ಎಳೆದು ತಂದಳು. ಇಬ್ಬರೂ ಮೆಟ್ಟಿಲ ಮೇಲೆ ಕುಸಿದರು. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಕೆರೆಯ ಮೇಲೆ ಈಗ ಯಾವ ಸದ್ದೂ ಇರಲಿಲ್ಲ.

“ಗಂಟೆ ಯಾರಿಗೆ ಕೊಟ್ಟೆ?” ಎಂದಳು ಅಕ್ಕ, ಪಿಸುದನಿಯಲ್ಲಿ.

“ನನ್ನ ಹಿಂದೆ ಇದ್ದವರಿಗೆ.”

“ನಿನ್ನ ಹಿಂದೆ ಯಾರೂ ಇರಲಿಲ್ಲ.”

“ಇದ್ದರು ಅಕ್ಕ. ಬಾವಿ ಹತ್ತಿರ. ಒಬ್ಬರು ಹೆಂಗಸು. ತಲೆ ಮೇಲೆ ಶಾಲು. ಗುಂಪಿನವರೇ ಅಂದ್ಕೊಂಡೆ. ಮೇಡಂ, ನೀವು ಮೊದಲು ಹೋಗಿ, ನಾನು ಆಮೇಲೆ ಅಂದೆ. ಇಲ್ಲ, ನಾನು ಕೊನೆಯವಳು ಅಂದರು. ಪರವಾಗಿಲ್ಲ ನೀವು ಹೋಗಿ ಅಂದೆ. ನೀವು ಮೊದಲು ಅಂದರು. ನಾನೂ ಬಿಡಲಿಲ್ಲ, ಅವರೂ ಬಿಡಲಿಲ್ಲ.” ಅಷ್ಟು ನಡುಕದಲ್ಲೂ ಅವನ ಮುಖದಲ್ಲಿ ಏನೋ ಒಂದು ನಾಚಿಕೆಯ ನಗು ಸುಳಿಯಿತಂತೆ. “ನನ್ನನ್ನ ಸೋಲಿಸಿದೋರು ಅವರೊಬ್ಬರೇ ಅಕ್ಕ. ಗಂಟೆ ಕೊಡಿ, ಕೊನೆಯವರ ಕೈಯಲ್ಲಿ ಇರಬೇಕು ಅಲ್ವಾ ಅಂದರು. ನೀನೂ ಹಾಗೇ ಹೇಳಿದ್ದೆಯಲ್ಲ... ಕೊಟ್ಟೆ.”

“ಆಮೇಲೆ?”

“ಓಣಿಗೆ ಇಳಿದೆ. ಗಂಟೆ ನನ್ನ ಹಿಂದೇನೇ ಬರ್ತಿತ್ತು. ಕವಲಿನ ಹತ್ತಿರ ಬಂದಾಗ ಮುಂದೆ ಕೇಳಿಸ್ತು. ನನ್ನ ದಾಟಿ ಹೋಗೋಕೆ ಅಲ್ಲಿ ಜಾಗ ಎಲ್ಲಿದೆ? ಆದ್ರೂ ಮುಂದೆ ಕೇಳಿಸ್ತು. ಅಯ್ಯೋ, ಎಲ್ಲರೂ ಹೋಗಿಬಿಟ್ಟರು, ನಾನೊಬ್ಬನೇ ಗಂಟೆ ಹಿಂದೆ ಉಳ್ಕೊಂಡೆ ಅಂತ ಬೇಗ ಬೇಗ ಬಂದೆ.”

“ಕಾಲಿಗೆ ನೀರು ತಾಗಲಿಲ್ವೇನೋ?”

“ತಣ್ಣಗೆ ಅನ್ನಿಸಿತು. ಆದ್ರೆ ಗಂಟೆ ಮುಂದೆ ಇತ್ತಲ್ಲ ಅಕ್ಕ...”

ಅಕ್ಕ ಅವನ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಓಣಿಯಿಂದ ಕಮಾನಿಗೆ, ಕಮಾನಿನಿಂದ ಚೌಕಕ್ಕೆ, ಚೌಕದಿಂದ ಮನೆಗೆ ನಡೆಸಿಕೊಂಡು ಬಂದಳು. ಹೊಸ್ತಿಲಲ್ಲಿ ಅವನ ಹೆಂಡತಿ ಕಾಯುತ್ತಿದ್ದಳು. ಒದ್ದೆ ಬಟ್ಟೆ ನೋಡಿ ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಮುಚ್ಚಿದಳು. “ತಂದು ಒಪ್ಪಿಸಿದ್ದೀನಿ ನೋಡು,” ಎಂದಷ್ಟೇ ಹೇಳಿ ಅಕ್ಕ ಅಲ್ಲೇ ಕುಳಿತುಬಿಟ್ಟಳು.

ಬೆಳಗಾದ ಮೇಲೆ ಗಂಟೆಯನ್ನು ಮಾವನ ಬಳಿಗೆ ಒಯ್ದಳು. ಮಾವನಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಕಿಟಕಿಯ ಪಕ್ಕ ಕುಳಿತಿದ್ದರು. ಗಂಟೆಯನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳನ್ನು ಅದರ ಅಂಚಿನ ಸುತ್ತ ನಿಧಾನವಾಗಿ ಆಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲೊಂದು ಹಳೆಯ ಚಕ್ಕೆ ಹಾರಿದ ಗುರುತಿತ್ತು.

“ಇದು ನಿನ್ನದಲ್ಲ,” ಎಂದರು. “ನನ್ನದು. ಬೀಳಿಸಿದ್ದೆ ಒಂದ್ಸಲ. ನೀನಿನ್ನೂ ಹುಟ್ಟಿರಲಿಲ್ಲ.”

“ಹಾಗಾದ್ರೆ ನಿಮ್ಮ ಹತ್ತಿರ ಯಾಕೆ ಇರಲಿಲ್ಲ, ಮಾವ?”

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಮಾವ ತಲೆಯೆತ್ತಿ, ಅದು ದೂರವಾಗುವವರೆಗೂ ಕೇಳಿದರು.

“ಒಬ್ಬಳು ಬಂದಿದ್ದಳು. ಒಂಟಿಯಾಗಿ. ಹೆಸರು ಕೂಡ ಕೇಳಿರಲಿಲ್ಲ ನಾನು. ಮಾತು ಕಮ್ಮಿ, ಎಲ್ಲರಿಗೂ ದಾರಿ ಬಿಡೋಳು. ಅವಳನ್ನೇ ಬಾಲ ಮಾಡಿದೆ. ಗಂಟೆ ಕಮಾನಿನವರೆಗೂ ಕೇಳಿಸ್ತು, ನಾನು ಹಿಂದೆ ನೋಡಲಿಲ್ಲ. ಹೊರಗೆ ಬಂದು ತಿರುಗಿದೆ...” ಗಂಟೆಯನ್ನು ಮಡಿಲಲ್ಲಿ ಬೋರಲು ಹಾಕಿದರು. “ಅವಳು ಬರಲಿಲ್ಲ. ಗಂಟೇನೂ ಬರಲಿಲ್ಲ. ಕೆರೆ ಎಲ್ಲಾ ಹುಡುಕಿಸಿದರು. ಸಿಗಲಿಲ್ಲ. ಆವತ್ತಿಂದ ಮುಖ ನೋಡಿ ಗಂಟೆ ತಗೋತಿದ್ದೆ.”

ಮಾವ ಮತ್ತೆ ಕೇಳಿದರು.

“ನಿನಗೆ ಇದನ್ನ ಕೊಟ್ಟ ಮೇಲೆ ಅವಳು ಹೊರಗೆ ಬಂದಳಾ?”

“ಇಲ್ಲ. ನೀವು ಮೊದಲು ಅಂತ ಅಂದಳು, ಅಷ್ಟೇ.”

“ಆಮೇಲೆ ನೀವಿಬ್ಬರೂ ಯಾವ ದಾರೀಲಿ ಬಂದಿರಿ?”

“ಅದೇ ಕಮಾನಿನಿಂದ, ಮಾವ. ಬೇರೆ ದಾರಿ ಎಲ್ಲಿದೆ?”

“ಯಾರು ಮುಂದೆ?”

“ನಾನು. ಅವನ ಕೈ ಹಿಡ್ಕೊಂಡು.”

“ಅವನ ಹಿಂದೆ?”

ಅಕ್ಕ ತಿರುಗಿ ಬಾಗಿಲ ಕಡೆ ನೋಡಿದಳು.

ಅಕ್ಕ ಆ ಕೆಲಸವನ್ನು ಬಿಟ್ಟಿಲ್ಲ. ಈಗ ನಡಿಗೆಯಲ್ಲಿ ಗಂಟೆಯಿಲ್ಲ. ಮುಂದೆ ಒಬ್ಬ ಜೊತೆಗಾರ್ತಿಯನ್ನು ಬಿಟ್ಟು ತಾನೇ ಎಲ್ಲರ ಹಿಂದೆ ಬರುತ್ತಾಳೆ. ಅಂದು ತಮ್ಮನ ಕೈಗಿಟ್ಟಿದ್ದ, ಚೊಕ್ಕ ಸ್ವರದ ಅವಳ ಗಂಟೆ ಮಾತ್ರ ಇಂದಿನವರೆಗೂ ಸಿಕ್ಕಿಲ್ಲ. ಹಳೆಯದು ಅವಳ ಅಡುಗೆಮನೆಯ ಶೆಲ್ಫಿನ ಮೇಲಿದೆ. ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನಾಲಿಗೆಯಿಲ್ಲ.

ಇಷ್ಟನ್ನು ಕೇಳಿದ ಮೇಲೂ ನಾನು ಪೂರ್ತಿ ನಂಬಿರಲಿಲ್ಲ. ಕತ್ತಲು, ಭಯ, ಆಯಾಸ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆಮೇಲಣ್ಣನಿಗೆ ಮಗಳು ಹುಟ್ಟಿದ ಮೇಲೆ ನೋಡಲು ಹೋದೆ. ಬಾಣಂತಿ ಮಗುವನ್ನು ತಟ್ಟುತ್ತ ಗಂಡನ ಮೇಲೆ ದೂರು ಹೇಳಿದಳು. “ಮೊದಲೆಲ್ಲ ಬಾಗಿಲು ಹಿಡಿದು ನಿಂತು ಎಲ್ಲರನ್ನೂ ಒಳಗೆ ಬಿಟ್ಟು ತಾವು ಕೊನೆಗೆ ಬರೋರು. ಈಗ ತಾವು ಬಂದ ಮೇಲೆ ಬಾಗಿಲು ಹಿಡಿದು ನಿಲ್ತಾರೆ. ಒಳಗೆಲ್ಲಾ ಸೊಳ್ಳೆ. ನೀವಾದ್ರೂ ಹೇಳಿ.” ನಾನು ನಕ್ಕುಬಿಟ್ಟೆ.

ನಿನ್ನೆ ರಾತ್ರಿ ಅವನು ನನ್ನ ರೂಮಿಗೆ ಬಂದಿದ್ದ. ಹಿಂದೊಮ್ಮೆ ಇಲ್ಲೇ ಮರೆತಿದ್ದ ಯಾವುದೋ ವೈರನ್ನು ತೆಗೆದುಕೊಂಡು ಹೋಗಲು. ಬಾಗಿಲು ತಟ್ಟಿದ, ತೆರೆದೆ. ಒಳಗೆ ಬಂದ. ಬಂದವನು ಪಕ್ಕಕ್ಕೆ ಸರಿದು, ಬಾಗಿಲನ್ನು ಕೈಯಲ್ಲಿ ಹಿಡಿದು, ತಲೆ ಸ್ವಲ್ಪ ತಗ್ಗಿಸಿ ನಿಂತ. ಹೊರಗೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ನಾನು ಇಣುಕಿ ನೋಡಿದೆ... ಯಾರೂ ಇರಲಿಲ್ಲ.

“ಯಾರಾದ್ರೂ ಬರೋರಿದ್ದಾರಾ?” ಎಂದು ಕೇಳಿದೆ.

“ಇಲ್ಲಪ್ಪ,” ಎಂದ.

ಒಬ್ಬರು ಒಳಗೆ ಬರಲು ಬೇಕಾಗುವಷ್ಟು ಹೊತ್ತು ಹಾಗೆಯೇ ನಿಂತಿದ್ದ. ಬಳಿಕ ಬಾಗಿಲು ಮುಚ್ಚಿದ. ಚಿಲಕ ಟಕ್ ಎಂದಿತು. ವೈರು ಸುತ್ತಿಕೊಂಡು ಅವನು ಹೊರಟಾಗ ನಾನು ಅವನನ್ನೇ ಗಮನಿಸುತ್ತಿದ್ದೆ. ಇದೇ ಬಾಗಿಲು, ಇದೇ ಚಿಲಕ. ನಾನು ಎಚ್ಚರವಿದ್ದೆ, ದೀಪ ಉರಿಯುತ್ತಿತ್ತು, ಇದು ನಡೆದದ್ದು. ಆಮೇಲಣ್ಣ ಹೊರಗೆ ಹೋದ.

ಹೋಗುವಾಗ ಬಾಗಿಲು ಹಿಡಿಯಲಿಲ್ಲ.